ಸ್ಟಾಕ್‌ಹೋಮ್‌ನಲ್ಲಿ ಬರೀ ನೀರು, ಸೇತುವೆ ಅಷ್ಟೇನಾ?

ಸೆಪ್ಟೆಂಬರ್‌ನಲ್ಲಿ ಅಪ್ಪ ಅಮ್ಮನನ್ನು ಕರ್ಕೊಂಡು ಮೂರು ದಿನ ಸ್ವೀಡನ್‌ನ ರಾಜಧಾನಿ ಸ್ಟಾಕ್‌ಹೋಮ್‌ಗೆ ಹೋಗುತ್ತಿದ್ದೀರಿ, "ಅಲ್ಲಿ ಬರೀ ನೀರು, ಸೇತುವೆ ಅಂತಾರೆ, ನೋಡೋಕೆ ಏನಾದರೂ ಇದೆಯಾ" ಅಂತ ಕೇಳಿದ್ದೀರಿ. ಎರಡು ವರ್ಷ ಅಲ್ಲಿದ್ದವನು ನಾನು. ಹೌದು, ಬರೀ ನೀರೇ. ಆದರೆ ಎರಡು ಬಗೆಯ ನೀರು, ಊರು ಹುಟ್ಟಿದ್ದೇ ಅದರಿಂದ.

ಒಂದು ಕಡೆ ಮೇಲಾರೆನ್ ಸರೋವರ, ಸಿಹಿ ನೀರು. ಇನ್ನೊಂದು ಕಡೆ ಬಾಲ್ಟಿಕ್ ಸಮುದ್ರ. ನಡುವೆ 14 ದ್ವೀಪಗಳ ಮೇಲೆ ಊರು. ಮೊದಲು ಈ ಸರೋವರವೂ ಸಮುದ್ರದ ಕೊಲ್ಲಿಯೇ ಆಗಿತ್ತು. ಹಿಮಯುಗದಲ್ಲಿ ಮಂಜುಗಡ್ಡೆಯ ಭಾರಕ್ಕೆ ಕುಗ್ಗಿದ್ದ ನೆಲ, ಅದು ಕರಗಿದ ಮೇಲೆ ನಿಧಾನಕ್ಕೆ ಏಳುತ್ತಾ ಬಂತು. ಈಗಲೂ ವರ್ಷಕ್ಕೆ ಕೆಲವು ಮಿಲಿಮೀಟರ್ ಏಳುತ್ತಿದೆ! ಕೊಲ್ಲಿಯ ಬಾಯಿ ಕಟ್ಟಿಕೊಂಡಿತು, ಹಡಗುಗಳು ಸರಕನ್ನು ಇಲ್ಲೇ ಇಳಿಸಬೇಕಾಯಿತು, ಪೇಟೆ ಬೆಳೆಯಿತು. ಊರಿನ ಹೆಸರು ಹಳೆಯ ಪತ್ರಗಳಲ್ಲಿ ಮೊದಲು ಸಿಗುವುದು 1252ರಲ್ಲಿ.

ಇದನ್ನು ಕಣ್ಣಾರೆ ನೋಡಬೇಕಾದರೆ ಅರಮನೆಯ ಪಕ್ಕದ ಸೇತುವೆ ಮೇಲೆ ನಿಂತುಕೊಳ್ಳಿ. ಸರೋವರ ಸಮುದ್ರಕ್ಕಿಂತ ಸುಮಾರು 70 ಸೆಂಟಿಮೀಟರ್ ಎತ್ತರದಲ್ಲಿದೆ, ನೀರು ಸದ್ದು ಮಾಡುತ್ತಾ ಕೆಳಗೆ ನುಗ್ಗುತ್ತದೆ. ಅಲ್ಲೇ ಜನ ಗಾಳ ಹಾಕಿ ನಿಂತಿರುತ್ತಾರೆ. ರಾಜನ ಮನೆ ಎದುರು ಸಾಲ್ಮನ್ ಹಿಡಿಯುವುದಕ್ಕೆ ದುಡ್ಡೂ ಕೊಡಬೇಕಿಲ್ಲ. ನಾನು ಎಷ್ಟೋ ಸಂಜೆ ಸುಮ್ನೆ ನಿಂತು ನೋಡಿದ್ದೇನೆ. ಯಾರಿಗೂ ಮೀನು ಸಿಕ್ಕಿದ್ದು ಕಾಣಲಿಲ್ಲ, ಅದು ಬೇರೆ ಮಾತು.

ಮ್ಯೂಸಿಯಂಗಳಲ್ಲಿ ಒಂದೇ ನೋಡಲು ಟೈಮ್ ಇದ್ದರೆ ವಾಸಾ ನೋಡಿ. 1628ರ ಆಗಸ್ಟ್ 10ರಂದು ಹೊರಟ ಯುದ್ಧನೌಕೆ ಅದು. ಬಂದರು ದಾಟುವ ಮುಂಚೆಯೇ, ಸುಮಾರು 1,300 ಮೀಟರ್ ಹೋಗಿ, ಒಂದು ಗಾಳಿಗೆ ವಾಲಿ ಮುಳುಗಿತು. ಮೇಲ್ಭಾರ ಜಾಸ್ತಿ. ಹೊರಡುವ ಮುಂಚೆ ಪರೀಕ್ಷೆಯನ್ನೂ ಮಾಡಿದ್ದರು: 30 ಜನರನ್ನು ಡೆಕ್ ಮೇಲೆ ಆ ಬದಿಯಿಂದ ಈ ಬದಿಗೆ ಓಡಿಸಿದಾಗ ಹಡಗು ಮಗುಚುವ ಹಾಗಾಯಿತು, ಅಲ್ಲಿಗೇ ನಿಲ್ಲಿಸಿದರು. ರಾಜನಿಗೆ ಅವಸರ ಇತ್ತಲ್ಲ, ಬೇಡ ಅನ್ನುವವರು ಯಾರು? 1961ರಲ್ಲಿ ಮೇಲೆತ್ತಿದಾಗ ಮರ ಹೆಚ್ಚುಕಮ್ಮಿ ಹಾಗೇ ಇತ್ತು. ಬಾಲ್ಟಿಕ್ ನೀರು ಸಪ್ಪೆ, ಮರ ಕೊರೆಯುವ ಹಡಗುಹುಳು ಅಂಥ ನೀರಿನಲ್ಲಿ ಬಾಳುವುದಿಲ್ಲ. ಮಂದ ಬೆಳಕಿನಲ್ಲಿ ಆ ಕಪ್ಪು ಹಡಗು ಮೂರು ಮಹಡಿಯ ಮನೆಯ ಹಾಗೆ ಎದುರು ನಿಂತಾಗ ಮಾತೇ ಬರುವುದಿಲ್ಲ. ಅಲ್ಲಿಗೆ ಊರ ನಡುವಿನ ಸ್ಲೂಸೆನ್ ಅನ್ನುವ ಜಾಗದಿಂದ ದೋಣಿಯಲ್ಲಿ ಹೋಗಿ, ಮೆಟ್ರೋ, ಬಸ್ಸಿನ ಟಿಕೆಟ್ಟೇ ಅದಕ್ಕೂ ನಡೆಯುತ್ತದೆ.

ನಗರಸಭೆಯ ಕಟ್ಟಡದಲ್ಲಿ 'ನೀಲಿ ಸಭಾಂಗಣ' ಇದೆ, ನೊಬೆಲ್ ಔತಣ ನಡೆಯುವ ಜಾಗ. ಒಳಗೆ ಎಲ್ಲಾ ಕೆಂಪು ಇಟ್ಟಿಗೆ! ವಾಸ್ತುಶಿಲ್ಪಿಗೆ ಇಟ್ಟಿಗೆಯ ಬಣ್ಣವೇ ಹಿಡಿಸಿ ನೀಲಿ ಬಳಿಯುವುದನ್ನು ಕೈಬಿಟ್ಟ, ಹೆಸರು ಮಾತ್ರ ಉಳಿಯಿತು. ನಮ್ಮ ಸಿ.ವಿ. ರಾಮನ್ 1930ರಲ್ಲಿ ಬಹುಮಾನ ತಗೊಂಡಿದ್ದು ಇದೇ ಊರಿನಲ್ಲಿ, ಅಪ್ಪನಿಗೆ ಹೇಳಿ, ಖುಷಿಯಾಗುತ್ತಾರೆ. ಮೆಟ್ರೋದ ಟಿ-ಸೆಂಟ್ರಾಲೆನ್ ನಿಲ್ದಾಣದಲ್ಲಿ ಬಂಡೆಯ ಮೇಲೆ ಬರೆದ ನೀಲಿ ಬಳ್ಳಿಗಳನ್ನೂ ಮರೆಯಬೇಡಿ.

ಸೆಪ್ಟೆಂಬರ್ ಒಳ್ಳೆಯ ಆಯ್ಕೆ. ಡಿಸೆಂಬರ್‌ನಲ್ಲಿ ಮೂರು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಮೊದಲ ವರ್ಷ ಕಿಟಕಿ ಹೊರಗೆ ಕತ್ತಲು ನೋಡಿ ಬ್ಯಾಗ್ ಎತ್ತಿಕೊಂಡು ಆಫೀಸಿನಿಂದ ಹೊರಟೇಬಿಟ್ಟಿದ್ದೆ. ಗಡಿಯಾರ ನೋಡಿದರೆ ಮೂರೂವರೆ!

ಅಮ್ಮ ಸಸ್ಯಾಹಾರಿಯಾದರೆ ಒಂದು ಮಾತು. ಗುರುವಾರ ಹೋಟೆಲ್‌ಗಳಲ್ಲಿ ಬಟಾಣಿ ಸೂಪು, ಪ್ಯಾನ್‌ಕೇಕ್ ಕೊಡುವ ಹಳೇ ಪದ್ಧತಿ ಇದೆ. ಬಟಾಣಿ ಅಲ್ವಾ ಅಂತ ತಗೋಬೇಡಿ, ಸಾಮಾನ್ಯವಾಗಿ ಅದರಲ್ಲಿ ಹಂದಿಮಾಂಸ ಇರುತ್ತದೆ. ಏಲಕ್ಕಿ ಬನ್ ಮಾತ್ರ ಧೈರ್ಯವಾಗಿ ಕೊಡಿಸಿ, ಒಂದಕ್ಕೆ ನಿಲ್ಲಿಸುವುದಿಲ್ಲ.