ಪ್ರತಿಕ್ರಿಯೆ: ಕೆಡೆಟ್ ಕ್ಯಾಂಪಿಗೆ ಮೊದಲ ಸಲ ಹೋಗುವ ಮಗನಿಗೆ

ನಿಮ್ಮ ಮಗ ಮೊದಲ ಸಲ ಒಂದು ವಾರದ ಬೇಸಿಗೆ ಕೆಡೆಟ್ ಕ್ಯಾಂಪಿಗೆ ಹೋಗುತ್ತಿದ್ದಾನೆ, ಬೂಟು ಹೊಸದು, ಬಿಸಿಲಲ್ಲಿ ತಲೆ ಸುತ್ತಿ ಬಿದ್ದರೆ ಏನು ಗತಿ ಅಂತ ಕೇಳಿದ್ದೀರಿ.

ಮೊದಲು ಬೂಟಿನ ವಿಷಯ. ಇವತ್ತಿನಿಂದಲೇ ಮನೆಯೊಳಗೆ ದಿನಾ ಒಂದು ಗಂಟೆ ಹಾಕಿಕೊಂಡು ಓಡಾಡಲಿ. ನಾನು ಹೋದಾಗ ಬೂಟನ್ನು ಡಬ್ಬಿಯಿಂದ ತೆಗೆದದ್ದೇ ಕ್ಯಾಂಪಿನಲ್ಲಿ. ಎರಡನೇ ದಿನಕ್ಕೆ ಹಿಮ್ಮಡಿಯಲ್ಲಿ ಕಡಲೆಕಾಳಿನಷ್ಟು ದೊಡ್ಡ ಬೊಬ್ಬೆ. ಕಾಲ್ಚೀಲ ತೆಗೆದರೆ ಚರ್ಮವೂ ಜೊತೆಗೇ ಬಂತು! ಬೊಬ್ಬೆ ಬರುವುದು ಉಜ್ಜಾಟದಿಂದ, ಬೆವರು ಸೇರಿದರೆ ಇನ್ನೂ ಜಾಸ್ತಿ. ಹಾಗಾಗಿ ಕಾಲ್ಚೀಲ ಧಾರಾಳವಾಗಿ ಕಳಿಸಿ, ಒದ್ದೆಯಾದ ಕೂಡಲೇ ಬದಲಾಯಿಸಲಿ. ಹಿಮ್ಮಡಿ ಉರಿಯಲು ಶುರುವಾದಾಗಲೇ ಪ್ಲಾಸ್ಟರ್ ಹಚ್ಚಬೇಕು, ಬೊಬ್ಬೆ ಎದ್ದ ಮೇಲಲ್ಲ.

ಪರೇಡಿನಲ್ಲಿ ಬೀಳುವುದು ಬರೀ ಬಿಸಿಲಿನಿಂದಲ್ಲ. ‘ಸಾವಧಾನ್’ ಭಂಗಿಯಲ್ಲಿ ಅಲ್ಲಾಡದೆ ನಿಂತರೆ ರಕ್ತ ಕಾಲಿಗೆ ಇಳಿದು, ಮೆದುಳಿಗೆ ಹೋಗುವುದು ಕಡಿಮೆಯಾಗುತ್ತದೆ. ಮಂಡಿ ಬಿಗಿ ಹಿಡಿಯದೆ, ಬೂಟಿನೊಳಗೇ ಬೆರಳು ಮಡಚುತ್ತಾ, ಮೀನಖಂಡ ಬಿಗಿದು ಸಡಿಲಿಸುತ್ತಾ ಇರಲಿ. ಯಾರಿಗೂ ಕಾಣುವುದಿಲ್ಲ. ಬೆಳಿಗ್ಗೆ ತಿಂಡಿ, ನೀರು ಮಾತ್ರ ತಪ್ಪಿಸಬಾರದು. ಕಣ್ಣು ಮಂಜಾದರೆ ಸುಮ್ನೆ ಕೂತುಬಿಡಲಿ, ಮರ್ಯಾದೆ ಏನೂ ಹೋಗುವುದಿಲ್ಲ.

ಡ್ರಿಲ್ ಬಗ್ಗೆ ಚಿಂತೆ ಬೇಡ, ಮೂರನೇ ದಿನಕ್ಕೆ ಎಡಗಾಲು ತಾನಾಗೇ ಮೊದಲು ಏಳುತ್ತದೆ. ನಕ್ಷೆ ಓದುವುದನ್ನು ಮಾತ್ರ ಈಗಲೇ ಸ್ವಲ್ಪ ಹೇಳಿಕೊಡಿ: 1:50,000 ನಕ್ಷೆಯಲ್ಲಿ 2 ಸೆಂ.ಮೀ. ಅಂದರೆ ನೆಲದ ಮೇಲೆ 1 ಕಿ.ಮೀ. ದಿಕ್ಸೂಚಿಯನ್ನು ಬೆಲ್ಟಿನ ಬಕಲ್ ಹತ್ತಿರ ಹಿಡಿಯಬಾರದು, ಕಬ್ಬಿಣ ಇದ್ದರೆ ಮುಳ್ಳು ಆ ಕಡೆ ತಿರುಗುತ್ತದೆ. ನಮ್ಮ ತಂಡ ಹಾಗೇ ದಾರಿ ತಪ್ಪಿ ಊಟಕ್ಕೆ ಎರಡು ಗಂಟೆ ತಡವಾಗಿ ಬಂದಿತ್ತು.