ಫ್ಯಾಂಟಸಿ ಪ್ರೀಮಿಯರ್ ಲೀಗ್‌ನಲ್ಲಿ 4 ಅಂಕ ಕಳೆದುಕೊಂಡು ಆಟಗಾರನನ್ನು ಬದಲಿಸಬೇಕಾ?

ಇದು ಇಂಗ್ಲೆಂಡಿನ ಫುಟ್ಬಾಲ್ ಲೀಗ್‌ನ ನಿಜವಾದ ಆಟಗಾರರಿಂದ ತಂಡ ಕಟ್ಟಿ, ಅವರ ಆಟಕ್ಕೆ ತಕ್ಕಂತೆ ಅಂಕ ಗಳಿಸುವ ಆನ್‌ಲೈನ್ ಆಟ. ನಿಮ್ಮ ಸ್ಟ್ರೈಕರ್ (ಮುಂಚೂಣಿ ಆಟಗಾರ) ಎರಡು ವಾರದಿಂದ ಗೋಲು ಹೊಡೆದಿಲ್ಲ, ಉಚಿತ ಟ್ರಾನ್ಸ್‌ಫರ್ (ಅಂಕ ಕಳೆಯದೆ ಆಟಗಾರನನ್ನು ಬದಲಿಸುವ ಅವಕಾಶ) ಮುಗಿದಿದೆ, 4 ಅಂಕ ಹೋದರೂ ಬದಲಿಸಲಾ ಅಂತ ಕೇಳಿದ್ದೀರಿ. ಬೆಳಗಾವಿಯ ನಮ್ಮ ಗೆಳೆಯರ ಲೀಗ್‌ನಲ್ಲೂ ಪ್ರತಿ ಶುಕ್ರವಾರ ಇದೇ ಚರ್ಚೆ.

ನನ್ನ ಉತ್ತರ: ಬೇಡ. ಲೆಕ್ಕ ನೋಡಿ. ಹಳೆಯ ಸ್ಟ್ರೈಕರ್ ಸುಮ್ನೆ 60 ನಿಮಿಷ ಆಡಿದರೂ 2 ಅಂಕ ಬರುತ್ತದೆ. ಹೊಸಬ ಅಷ್ಟೇ ಆಡಿ ಒಂದು ಗೋಲು ಹೊಡೆದರೆ 6. ಅದರಲ್ಲಿ 4 ಕಳೆಯಿರಿ, ಉಳಿಯುವುದು ಅದೇ 2. ಅಂದರೆ ಗೋಲು ಬಂದರೂ ನಿಮಗೆ ಲಾಭವಿಲ್ಲ!

ಗೋಲಿಗಿಂತ ನಿಮ್ಮ ಹಳೆಯ ಸ್ಟ್ರೈಕರ್ ಎಷ್ಟು ನಿಮಿಷ ಆಡುತ್ತಿದ್ದಾನೆ, ಗೋಲು ಹೊಡೆಯಲು ಎಷ್ಟು ಅವಕಾಶ ಸಿಗುತ್ತಿದೆ ಅನ್ನೋದು ಮುಖ್ಯ. ಅವಕಾಶ ಸಿಗುತ್ತಿದ್ದರೆ ಇಟ್ಟುಕೊಳ್ಳಿ. ಗಾಯವಾಗಿ ಹಲವು ವಾರ ಹೊರಗಿದ್ದು, ನಿಮ್ಮ ಬೆಂಚಿನಲ್ಲೂ (ಬದಲಿ ಆಟಗಾರರಲ್ಲೂ) ಆಡುವವರು ಇಲ್ಲದಿದ್ದರೆ ಮಾತ್ರ 4 ಅಂಕ ಬಿಡಬಹುದು. ಆಗ ಲಾಭ ನಾಲ್ಕೈದು ವಾರಕ್ಕೆ ಹಂಚಿಕೆಯಾಗುತ್ತದೆ.

ಆಟದಲ್ಲಿ ಆಟಗಾರನ ಬೆಲೆ ಏರುತ್ತದೆ ಅಂತ ವಾರದ ಮೊದಲೇ ಕೊಳ್ಳುವವರು ಜಾಸ್ತಿ. ಮಾರುವಾಗ ಏರಿಕೆಯ ಅರ್ಧ ಮಾತ್ರ ಕೈಗೆ ಬರುತ್ತದೆ, ಅಷ್ಟಕ್ಕೆ ಅವಸರ ಯಾಕೆ? ಕೋಚ್‌ಗಳು ಗಾಯದ ಸುದ್ದಿ ಹೇಳುವುದು ಪಂದ್ಯಕ್ಕೆ ಒಂದೆರಡು ದಿನ ಮುಂಚೆ. ಅಲ್ಲಿವರೆಗೂ ಕಾಯಿರಿ. ಮೊದಲ ಪಂದ್ಯಕ್ಕೆ 90 ನಿಮಿಷ ಮುಂಚಿನ ತನಕ ಬದಲಿಸಲು ಸಮಯವಿದೆ. ಇಂಗ್ಲೆಂಡಿನಲ್ಲಿ ಶನಿವಾರ ಮಧ್ಯಾಹ್ನ 12:30ಕ್ಕೆ ಪಂದ್ಯವಿದ್ದರೆ, ಚಳಿಗಾಲದಲ್ಲಿ ನಮಗೆ ಸಂಜೆ 4:30ರ ತನಕ. ಮುಂದೆ ಯಾವುದಾದರೂ ವಾರ ಬದಲಾವಣೆ ಬೇಡ ಅನಿಸಿದರೆ ಉಚಿತ ಟ್ರಾನ್ಸ್‌ಫರ್ ಉಳಿಸಿ. 5ರ ತನಕ ಕೂಡಿಡಬಹುದು.