ಕ್ಯಾಮೆರಾ ಹಿಡಿಯುವುದು ಐದೇ ನಿಮಿಷ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ. ಈ ಸಲದ ಪ್ರಶ್ನೆಗಳೆಲ್ಲ ಫೋಟೋ ಸ್ಟುಡಿಯೋ ಕೆಲಸದ ಬಗ್ಗೆ. ಉತ್ತರ ಕೊಟ್ಟವರು ಹುಬ್ಬಳ್ಳಿಯ ಸ್ಟುಡಿಯೋಗಳಲ್ಲಿ ಮೂವತ್ತು ವರ್ಷ ದುಡಿದ ಛಾಯಾಗ್ರಾಹಕರು.

ಪ್ರಶ್ನೆ: ನಾನು ಹಾವೇರಿ ಹತ್ತಿರದ ಹಳ್ಳಿಯವಳು. ಬಿ.ಕಾಂ. ಮುಗಿದಿದೆ. ಹುಬ್ಬಳ್ಳಿಯ ಒಂದು ಸ್ಟುಡಿಯೋದಲ್ಲಿ ಕೆಲಸ ಸಿಗುವ ಹಾಗಿದೆ. ಫೋಟೋ ತೆಗೆಯುವುದೆಂದರೆ ನನಗೆ ಪ್ರಾಣ. ಮನೆಯವರು ಮಾತ್ರ ‘ಅದೆಂಥಾ ಕೆಲಸ’ ಅಂತಾರೆ. ಅಲ್ಲಿ ದಿನವಿಡೀ ಏನು ಮಾಡಬೇಕಾಗುತ್ತದೆ?

ಉತ್ತರ: ತಂಗಿ ಅಂದುಕೊಂಡೇ ಹೇಳುತ್ತೇನೆ. ಕ್ಯಾಮೆರಾ ಮೇಲಿನ ಪ್ರೀತಿ ಒಂದನ್ನೇ ನಂಬಿ ಬರಬೇಡಿ. ಒಬ್ಬ ಗಿರಾಕಿಗೆ ಕ್ಯಾಮೆರಾ ಕೈಯಲ್ಲಿ ಇರುವುದು ಐದು ನಿಮಿಷ. ಉಳಿದದ್ದೆಲ್ಲ ಮಾತು ಮತ್ತು ಕೈಕೆಲಸ. ಬಂದವರನ್ನು ಕೂರಿಸಬೇಕು. ತೆಗೆದ ಫೋಟೋವನ್ನು ಕಂಪ್ಯೂಟರಿಗೆ ಹಾಕಿ, ಬಣ್ಣ ಸರಿ ಮಾಡಿ, ಪ್ರಿಂಟ್ ತೆಗೆದು, ಕಟ್ ಮಾಡಿ, ಕವರಿಗೆ ಹಾಕಿ ಕೊಡಬೇಕು. ಅದರ ನಡುವೆಯೇ ಝೆರಾಕ್ಸ್ ಕೇಳುವವರು, ಲ್ಯಾಮಿನೇಶನ್‌ಗೆ ಬಂದವರು, ಫ್ರೇಮ್ ಹಾಕಿಸುವವರು. ಸಂಜೆ ಹೊತ್ತಿಗೆ ಕಾಲು ಹಿಡಿದುಕೊಳ್ಳುತ್ತವೆ.

ಎಲ್ಲಕ್ಕಿಂತ ಮೊದಲು ಕಲಿಯಬೇಕಾದ ಮಾತು ‘ಯಾವುದಕ್ಕೆ ಫೋಟೋ?’ ಅನ್ನುವುದು. ನಮ್ಮ ಪಾಸ್‌ಪೋರ್ಟ್ ಸೈಜ್ 35 ಮಿ.ಮೀ. ಅಗಲ, 45 ಮಿ.ಮೀ. ಎತ್ತರ. 4×6 ಇಂಚಿನ ಒಂದು ಹಾಳೆಯಲ್ಲಿ ಎಂಟು ಬರುತ್ತವೆ. ಅಮೆರಿಕದ ವೀಸಾ ಅಂದರೆ 2×2 ಇಂಚು, ಕನ್ನಡಕ ಹಾಕುವ ಹಾಗಿಲ್ಲ. ಕೇಳದೆ ತೆಗೆದುಬಿಟ್ಟರೆ ಅವರು ನಾಳೆ ಮತ್ತೆ ಬರಬೇಕು. ಕೆಲವರು ಒಂದು ದಿನದ ಕೂಲಿ ಬಿಟ್ಟು ಬಂದಿರುತ್ತಾರೆ.

ಇನ್ನು ಸ್ಟೂಲಿನ ಮೇಲೆ ಕೂತವರ ವಿಷಯ. ನನ್ನ ಲೆಕ್ಕದಲ್ಲಿ ಈ ಕೆಲಸದ ಜೀವ ಇರುವುದು ಅಲ್ಲಿಯೇ. ಪಿಂಚಣಿ ಫೋಟೋಕ್ಕೆ ಹಳ್ಳಿಯಿಂದ ಅಜ್ಜ ಬರುತ್ತಾರೆ. ಲೈಟ್ ಹಚ್ಚಿದ ಕೂಡಲೇ ಕಲ್ಲಾಗಿಬಿಡುತ್ತಾರೆ. ಉಸಿರು ಬಿಗಿ ಹಿಡಿಯುತ್ತಾರೆ, ಹೆಗಲು ಕಿವಿ ಹತ್ತಿರ ಹೋಗುತ್ತದೆ. ‘ನಗ್ರಿ’ ಅಂದರೆ ಇನ್ನೂ ಬಿಗಿ. ಅಂಥವರಿಗೆ ನಾನು, “ಯಜ್ಜಾ, ಈ ವರ್ಷ ಮೆಣಸಿನಕಾಯಿ ಹೆಂಗ ಬಂದಾವ?” ಅಂತ ಕೇಳುತ್ತಿದ್ದೆ. ಅವರು ಬ್ಯಾಡಗಿ ಪೇಟೆಯ ರೇಟು ಹೇಳುತ್ತಾರೆ, ಮಳೆಯನ್ನು ಬಯ್ಯುತ್ತಾರೆ, ಬಾಯಿ ಮುಚ್ಚುತ್ತಾರೆ. ಬಾಯಿ ಮುಚ್ಚಿದ ಆ ಗಳಿಗೆಯಲ್ಲಿ ಮುಖ ಅವರದೇ ಆಗಿರುತ್ತದೆ. ಆಗ ಒತ್ತಬೇಕು.

ಕೂಸುಗಳ ಲೆಕ್ಕ ಬೇರೆ. ನಿದ್ದೆ ಮಾಡಿ, ಹಾಲು ಕುಡಿದು ಬಂದ ಕೂಸು ಹದಿನೈದು ನಿಮಿಷ ನಿಮ್ಮ ಕೈಲಿ ಇರುತ್ತದೆ. ಅಷ್ಟರೊಳಗೆ ಮುಗಿಸಬೇಕು. ತಾಯಿಯನ್ನು ಕ್ಯಾಮೆರಾದ ಹಿಂದೆ ನಿಲ್ಲಿಸಿಕೊಳ್ಳಿ. ಮೇಜಿನ ಮೇಲೆ ಕೂರಿಸಿದರೆ ಪಕ್ಕದಲ್ಲಿ ಒಬ್ಬರ ಕೈ ಇರಲೇಬೇಕು. ಫೋಟೋದಲ್ಲಿ ಕೈ ಬಂದರೆ ಬರಲಿ, ಆಮೇಲೆ ಕಂಪ್ಯೂಟರಿನಲ್ಲಿ ಅಳಿಸಬಹುದು.

ನೀವು ಹೆಣ್ಣುಮಗಳು ಅನ್ನುವುದು ಈ ಕೆಲಸದಲ್ಲಿ ದೊಡ್ಡ ಅನುಕೂಲ. ಕುಬಸದ (ಸೀಮಂತದ) ಫೋಟೋಕ್ಕೆ ಬಂದ ಬಸುರಿಗೆ ಸೆರಗು ಸರಿ ಮಾಡಬೇಕು, ಹೂವಿನ ದಂಡೆ ನೆಟ್ಟಗೆ ಮಾಡಬೇಕು. ಅದನ್ನು ಗಂಡಸರು ಮಾಡಿದರೆ ಅವಳ ಮುಖದಲ್ಲಿ ಸಂಕೋಚ ಬಂದು ಕೂತುಬಿಡುತ್ತದೆ. ನನ್ನ ಗುರುಗಳು ಕಲಿಸಿದ್ದು ಇಷ್ಟೇ: ಮುಟ್ಟಬೇಡ, ಮಾಡಿ ತೋರಿಸು. ಗದ್ದ ಇಳಿಸಬೇಕೆಂದರೆ ನಿನ್ನ ಗದ್ದ ಇಳಿಸು. ಅವರು ನೋಡಿ ಮಾಡುತ್ತಾರೆ. ನೀವು ಹೆಣ್ಣಾದರೂ ಕೇಳಿಯೇ ಮುಟ್ಟಿ.

ಸೇರುವ ಮೊದಲು ಮನೆಯವರೊಬ್ಬರನ್ನು ಕರೆದುಕೊಂಡು ಹೋಗಿ ಜಾಗ ನೋಡಿ ಬನ್ನಿ. ಬಟ್ಟೆ ಬದಲಿಸುವ ಕೋಣೆಗೆ ಒಳಗಿನಿಂದ ಚಿಲಕ ಇದೆಯಾ, ಅದರ ಹತ್ತಿರ ಯಾವುದಾದರೂ ಕ್ಯಾಮೆರಾ ಇದೆಯಾ ನೋಡಿ. ಹಾವೇರಿಗೆ ಕೊನೆಯ ಬಸ್ಸೋ ರೈಲೋ ತಪ್ಪದ ಹಾಗೆ ಬಿಡುತ್ತಾರಾ, ಬಾಯಿಬಿಟ್ಟು ಕೇಳಿ. ಸ್ಟುಡಿಯೋಗೂ ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಅನ್ವಯಿಸುತ್ತದೆ. ವಾರಕ್ಕೆ 48 ಗಂಟೆ ಕೆಲಸ, ಒಂದು ದಿನ ರಜೆ, ಹೆಚ್ಚಿಗೆ ದುಡಿದ ಹೊತ್ತಿಗೆ ಎರಡರಷ್ಟು ಕೂಲಿ. ಭಾನುವಾರ ಅಂಗಡಿ ತೆರೆದಿರುತ್ತದೆ, ಹಾಗಾಗಿ ನಿಮ್ಮ ರಜೆ ಯಾವ ದಿನ ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ಮದುವೆ ಸೀಸನ್ನಿನಲ್ಲಿ ದೊಡ್ಡವರೆಲ್ಲ ಔಟ್‌ಡೋರ್ ಹೋಗುತ್ತಾರೆ, ಅಂಗಡಿ ಪೂರ್ತಿ ನಿಮ್ಮ ತಲೆ ಮೇಲೆ. ಕೈ ಪಳಗುವುದೂ ಅದೇ ದಿನಗಳಲ್ಲಿ. ಆಷಾಢ ಬಂದರೆ ಅಂಗಡಿ ತಣ್ಣಗಿರುತ್ತದೆ. ಆಗ ಸುಮ್ನೆ ಕೂರದೆ ಫೋಟೋಶಾಪ್ ಕಲಿಯಿರಿ.

ಪ್ರಶ್ನೆ: ಗದಗಿನ ಸ್ಟುಡಿಯೋದಲ್ಲಿ ಎಡಿಟಿಂಗ್ ಮಾಡುತ್ತೇನೆ. ಬಂದವರಲ್ಲಿ ಹೆಚ್ಚಿನವರು ‘ಸ್ವಲ್ಪ ಬೆಳ್ಳಗೆ ಮಾಡ್ರಿ’ ಅಂತಾರೆ. ಮಾಲೀಕರೂ ಮಾಡು ಅಂತಾರೆ. ನನಗೆ ಮನಸ್ಸು ಒಪ್ಪುವುದಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಮನಸ್ಸು ಸರಿಯಾಗಿಯೇ ಇದೆ. ಆದರೆ ಆ ಬೇಡಿಕೆಯಲ್ಲಿ ಅರ್ಧ ತಪ್ಪು ನಮ್ಮದು, ಅಂದರೆ ಫೋಟೋ ತೆಗೆಯುವವರದು. ಬಿಳಿ ಪರದೆಯ ಮುಂದೆ ಕೂರಿಸಿ ಕ್ಯಾಮೆರಾವನ್ನು ಆಟೋದಲ್ಲಿ ಬಿಟ್ಟರೆ ಅದು ಬಿಳಿಯನ್ನು ನೋಡಿ ಬೆಳಕು ಜಾಸ್ತಿ ಇದೆ ಅಂದುಕೊಳ್ಳುತ್ತದೆ. ಬೆಳಕು ಕಡಿಮೆ ಮಾಡುತ್ತದೆ. ಪರದೆ ಬೂದಿ ಬಣ್ಣಕ್ಕೆ ತಿರುಗುತ್ತದೆ, ಮುಖ ಇರುವುದಕ್ಕಿಂತ ಕಪ್ಪಾಗುತ್ತದೆ. ಗಿರಾಕಿ ಅದನ್ನು ನೋಡಿ ‘ಕರ್ರಗ ಬಂದೀನಿ’ ಅಂದರೆ ಸುಳ್ಳಲ್ಲ. ಅವರು ನಿಜವಾಗಿ ಅಷ್ಟು ಕಪ್ಪಿಲ್ಲ.

ಫೋಟೋ ತೆಗೆಯುವವರ ಜೊತೆ ಕೂತು ಮಾತಾಡಿ. ಕ್ಯಾಮೆರಾ ಮ್ಯಾನ್ಯುವಲ್‌ನಲ್ಲಿ ಇರಲಿ. ಕೂತವರಿಗೂ ಪರದೆಗೂ ನಾಲ್ಕೈದು ಅಡಿ ಅಂತರ ಬಿಡಿ, ಪರದೆಗೆ ಬೇರೆ ಲೈಟ್ ಕೊಡಿ. ಮುಖಕ್ಕೆ ಸಾಫ್ಟ್‌ಬಾಕ್ಸ್ (ಬಿಳಿ ಬಟ್ಟೆ ಮುಚ್ಚಿದ, ಮೆತ್ತನೆ ಬೆಳಕಿನ ಲೈಟ್) ಒಂದು ಪಕ್ಕದಿಂದ, ತಲೆಗಿಂತ ಸ್ವಲ್ಪ ಮೇಲಿನಿಂದ ಬರಲಿ. ಇನ್ನೊಂದು ಪಕ್ಕಕ್ಕೆ ಬಿಳಿ ಥರ್ಮೋಕೋಲ್ ಹಾಳೆ ನಿಲ್ಲಿಸಿದರೂ ಸಾಕು, ನೆರಳು ಎಷ್ಟೋ ತಿಳಿಯಾಗುತ್ತದೆ. ಕೋಣೆಯ ಟ್ಯೂಬ್‌ಲೈಟ್ ಆರಿಸಿ, ಅದರ ಹಸಿರು ಛಾಯೆ ಕಪ್ಪು ಮೈಬಣ್ಣವನ್ನು ಮಂಕು ಮಾಡುತ್ತದೆ. ಇಷ್ಟು ಮಾಡಿ ಫೋಟೋ ತೋರಿಸಿ ನೋಡಿ. ‘ಬೆಳ್ಳಗೆ ಮಾಡ್ರಿ’ ಅನ್ನುವವರು ಎಷ್ಟು ಕಡಿಮೆಯಾಗುತ್ತಾರೆ ಅಂತ ನಿಮಗೇ ಗೊತ್ತಾಗುತ್ತದೆ.

ಆದರೂ ಕೇಳುವವರು ಇರುತ್ತಾರೆ. ಅದರಲ್ಲೂ ಸಂಬಂಧಕ್ಕೆ ಕೊಡುವ ಫೋಟೋದಲ್ಲಿ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಿದ್ದರು. “ಅಣ್ಣಾರ, ಬಣ್ಣ ಒಂದೀಟು ತಿಳಿ ಮಾಡ್ರಿ” ಅಂದರು. ಮಗಳು ನೆಲ ನೋಡುತ್ತಾ ಕೂತಿದ್ದಳು. ನಾನು ಮಾಡಿಕೊಟ್ಟೆ. ತಿಂಗಳಾದ ಮೇಲೆ ಅದೇ ತಾಯಿ ಬಂದರು. ಗಂಡಿನ ಕಡೆಯವರು ಮನೆಗೆ ಬಂದು, ‘ಫೋಟೋದಾಗ ಬ್ಯಾರೆ ಇದ್ಲಲ್ಲ’ ಅಂತ ಅವಳ ಎದುರಿಗೇ ಅಂದು ಎದ್ದು ಹೋಗಿದ್ದರಂತೆ. ತಾಯಿ ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ‘ಇದ್ದಂಗ ಒಂದು ತಗೀರಿ’ ಅಂದರು ಅಷ್ಟೇ. ಆ ಹುಡುಗಿ ಆ ಮಾತು ಕೇಳಿಸಿಕೊಳ್ಳಲು ನನ್ನ ಕೈಕೆಲಸವೂ ಕಾರಣ. ಅವತ್ತಿನಿಂದ ನಾನು ಯಾರ ಬಣ್ಣವನ್ನೂ ಬದಲಿಸಿಲ್ಲ.

ಮಾಲೀಕರಿಗೆ ಹೇಳಲು ಒಂದು ಗೆರೆ ಕೊಡುತ್ತೇನೆ. ವಾರದಲ್ಲಿ ಹೋಗುವ ಮೊಡವೆ, ಕಣ್ಣಿನ ಕೆಳಗಿನ ನಿದ್ದೆಗೆಟ್ಟ ಕಪ್ಪು, ಹಾರಿದ ಕೂದಲು ತೆಗೆಯಬಹುದು. ಮಚ್ಚೆ, ಗಾಯದ ಗುರುತು, ಮೈಬಣ್ಣ, ಮೂಗಿನ ಆಕಾರ ಮುಟ್ಟಬಾರದು. ವೀಸಾ, ಪರೀಕ್ಷೆ ಫೋಟೋದಲ್ಲಂತೂ ಮುಖ ಹೊಂದದಿದ್ದರೆ ತೊಂದರೆ ಆಗುವುದು ಗಿರಾಕಿಗೆ. ಈ ಮಾತು ಮಾಲೀಕರಿಗೆ ಬೇಗ ಅರ್ಥವಾಗುತ್ತದೆ.

ಪ್ರಶ್ನೆ: ಧಾರವಾಡದ ಸಪ್ತಾಪುರದಲ್ಲಿ ನಮ್ಮ ಅಂಗಡಿ. ಪರೀಕ್ಷೆಗಳಿಗೆ ಅರ್ಜಿ ಹಾಕುವ ಕೊನೇ ದಿನ ರಾತ್ರಿ ಹುಡುಗರು ತುಂಬಿಕೊಳ್ಳುತ್ತಾರೆ. ಕೆಬಿ (ಫೈಲಿನ ತೂಕ) ಕಡಿಮೆ ಮಾಡಿದರೆ ಫೋಟೋ ಮಸುಕಾಗುತ್ತದೆ. ಯಾಕೆ?

ಉತ್ತರ: ಕೆಬಿ ಮೊದಲು ಇಳಿಸಬೇಡಿ, ಅಳತೆ ಮೊದಲು ಇಳಿಸಿ. ಬ್ಯಾಂಕ್ ಪರೀಕ್ಷೆ ನಡೆಸುವ ಐಬಿಪಿಎಸ್ ಕೇಳುವುದು 200×230 ಪಿಕ್ಸೆಲ್, 20ರಿಂದ 50 ಕೆಬಿ. ಸಹಿಗೆ 140×60 ಪಿಕ್ಸೆಲ್, 10ರಿಂದ 20 ಕೆಬಿ. ದೊಡ್ಡ ಫೋಟೋವನ್ನು ಹಾಗೇ ಇಟ್ಟು 50 ಕೆಬಿಗೆ ಹಿಂಡಿದರೆ ಹಾಳಾಗದೆ ಏನಾಗುತ್ತದೆ? ಕ್ರಾಪ್ ಮಾಡಿ, ಪಿಕ್ಸೆಲ್ ಇಳಿಸಿ, ಆಮೇಲೆ ಜೆಪಿಜಿಯಾಗಿ ಸೇವ್ ಮಾಡಿ. ವಾಟ್ಸಾಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ಬೇರೆ ಬೇರೆ ಪರೀಕ್ಷೆಗೆ ಬೇರೆ ಅಳತೆ, ಹಾಗಾಗಿ ಹುಡುಗರ ಮೊಬೈಲಿನಲ್ಲೇ ಅಧಿಸೂಚನೆ ತೆರೆಸಿ ನೋಡಿಕೊಳ್ಳಿ. ಆ ರಾತ್ರಿ ಅವರ ಕೈ ನಡುಗುತ್ತಿರುತ್ತದೆ. ಒಂದು ಲೋಟ ನೀರು ಕೊಟ್ಟು ಕೂರಿಸಿ.

ಪ್ರಶ್ನೆ: ಚೆನ್ನಾಗಿ ಬಂದಿದೆ ಅಂತ ಒಬ್ಬ ಯುವತಿಯ ಫೋಟೋ ದೊಡ್ಡದು ಮಾಡಿ ಶೋಕೇಸಿನಲ್ಲಿ ಇಟ್ಟೆವು. ಅವಳ ಅಣ್ಣ ಬಂದು ಜಗಳ ತೆಗೆದ. ತೆಗೆದವರು ನಾವು, ಫೋಟೋ ನಮ್ಮದಲ್ವಾ? (ಹುಬ್ಬಳ್ಳಿ)

ಉತ್ತರ: ಅಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋದ ಹಕ್ಕು ತೆಗೆಸಿದವರದು. ಬೇರೆ ಒಪ್ಪಂದ ಇದ್ದರೆ ಮಾತ್ರ ನಿಮ್ಮದು. ಶೋಕೇಸ್ ಆಗಲಿ, ಇನ್‌ಸ್ಟಾಗ್ರಾಮ್ ಆಗಲಿ, ಮೊದಲು ಕೇಳಿ, ಬರೆಸಿಕೊಳ್ಳಿ. ಕೇಳಬೇಕಾದ್ದು ಆ ಹುಡುಗಿಯನ್ನು. ಅಣ್ಣ ಒಪ್ಪಿದರೂ ಅವಳು ಬೇಡ ಅಂದರೆ ಬೇಡವೇ. ಈಗ ಆ ಫೋಟೋ ಇಳಿಸಿ, ಕಂಪ್ಯೂಟರಿನ ಪ್ರತಿಯನ್ನೂ ಅಳಿಸಿ, ಅವರ ಮನೆಗೇ ಹೋಗಿ ಪ್ರಿಂಟ್ ಕೊಟ್ಟು ತಪ್ಪಾಯಿತು ಅನ್ನಿ.

ಪ್ರಶ್ನೆ: ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ನನ್ನ ಮಗ ಸ್ಟುಡಿಯೋ ಕೆಲಸ ಕಲಿಯುತ್ತೇನೆ ಅಂತಾನೆ. ಮುಂದೆ ಹೊಟ್ಟೆ ತುಂಬುತ್ತಾ? (ಬೆಟಗೇರಿ)

ಉತ್ತರ: ಬರೀ ಪಾಸ್‌ಪೋರ್ಟ್ ಫೋಟೋ ನಂಬಿದರೆ ಕಷ್ಟ. ಆಧಾರ್, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್ ಸೇವಾ ಕೇಂದ್ರ, ಎಲ್ಲ ಕಡೆ ಈಗ ಅಲ್ಲೇ ಕೂರಿಸಿ ಫೋಟೋ ತೆಗೆಯುತ್ತಾರೆ. ಆ ಗಿರಾಕಿ ಹೋದರು. ಕೂಸಿನ ಫೋಟೋ, ಕುಬಸ, ಮನೆಮಂದಿಯ ಫೋಟೋ, ಆಲ್ಬಂ ಉಳಿದಿವೆ. ಇನ್ನೊಂದು ಕೆಲಸ ಇದೆ, ಅದು ಕಡಿಮೆ ಆಗಿದ್ದನ್ನು ನಾನು ನೋಡಿಲ್ಲ. ತೀರಿಹೋದವರ ಫೋಟೋ.

ಮೊಬೈಲಿನಲ್ಲಿ ಸಾವಿರ ಫೋಟೋ ಇರುತ್ತವೆ. ಅವ್ವನದು ಮಾತ್ರ ಒಂದೂ ನೆಟ್ಟಗಿರುವುದಿಲ್ಲ. ಯಾವುದೋ ಮದುವೆಯ ಗುಂಪಿನಲ್ಲಿ, ಹಿಂದಿನ ಸಾಲಿನಲ್ಲಿ, ತಾಟು ಹಿಡಿದು ನಿಂತಿರುತ್ತಾರೆ. ಮಗ ಅದನ್ನು ಬೆರಳಿನಿಂದ ದೊಡ್ಡದು ಮಾಡಿ ತೋರಿಸಿ, ‘ಇದರಾಗ ಆಗ್ತದೇನ್ರಿ?’ ಅಂತ ಕೇಳುತ್ತಾನೆ. ಹದಿಮೂರನೇ ದಿನದೊಳಗೆ ಬೇಕು. ಗುಂಪಿನಿಂದ ಬಿಡಿಸಬೇಕು, ಬೇರೆಯವರ ತೋಳಿಗೆ ಮುಚ್ಚಿಹೋದ ಸೆರಗನ್ನು ಬರೆಯಬೇಕು. ಈಗ ಎಐ ಆ್ಯಪ್‌ಗಳು ಒಂದೇ ನಿಮಿಷದಲ್ಲಿ ಹೊಳೆಯುವ ಮುಖ ಮಾಡಿಕೊಡುತ್ತವೆ. ಎಷ್ಟೋ ಸಲ ಅದು ಅವರ ಅವ್ವ ಆಗಿರುವುದಿಲ್ಲ. ಕಣ್ಣು ಬದಲಾಗಿರುತ್ತದೆ, ಹಲ್ಲು ಬದಲಾಗಿರುತ್ತದೆ. ಸ್ವಲ್ಪ ಮಸುಕಿದ್ದರೂ ಇದ್ದ ಮುಖವನ್ನೇ ಉಳಿಸಬೇಕು. ಪ್ರಿಂಟ್ ತೆಗೆಯುವ ಮುಂಚೆ ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಬೇಕು. ಹೆಣ್ಣುಮಕ್ಕಳು ಬಂದರೆ ಇನ್ನೂ ಒಳ್ಳೆಯದು. ಮೂಗುತಿ ಯಾವ ಕಡೆ ಇತ್ತು ಅಂತ ಅವರಿಗೆ ಗೊತ್ತಿರುತ್ತದೆ.

ನಿಮ್ಮ ಮಗನಿಗೆ ಈ ಕೆಲಸ ಕಲಿಸುವ ಕಡೆ ಸೇರಿಸಿ. ಹಳೇ ಫ್ರೇಮುಗಳೂ ಬರುತ್ತವೆ. ಫೋಟೋ ಗಾಜಿಗೆ ಅಂಟಿಕೊಂಡಿದ್ದರೆ ಕೀಳಬಾರದು ಅಂತ ಹೇಳಿ, ಬಣ್ಣದ ಪದರವೇ ಕಿತ್ತುಬರುತ್ತದೆ. ಗಾಜಿನ ಸಮೇತ ಇಟ್ಟು, ಎರಡೂ ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು, ಮೇಲಿನಿಂದ ಕಾಪಿ ಮಾಡಬೇಕು. ಮುಗಿದ ಫ್ರೇಮ್ ಒಯ್ಯಲು ಮನೆಯವರು ಬಂದಾಗ ಅದನ್ನು ಕೌಂಟರಿನ ಮೇಲೆ ಅವರ ಕಡೆ ತಿರುಗಿಸಿ ಇಟ್ಟು, ಸ್ವಲ್ಪ ಹೊತ್ತು ಸುಮ್ನೆ ನಿಲ್ಲಲಿ. ಅವರು ನೋಡಲಿ. ದುಡ್ಡಿನ ಮಾತು ಆಮೇಲೆ ಆಡಿದರಾಯಿತು.